ಮೀಟರ್‌ನಲ್ಲಿ ಸೊನ್ನೆ, ಮಣ್ಣಿನಲ್ಲಿ ಗ್ಯಾಸಿನ ಗುರುತು: ಫರ್ಸಿ ಖಣಿ ಪಕ್ಕದ ಒಂದು ಹೊಲದ ಪ್ರಕರಣ

ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಓಡಾಡಿದವರಿಗೆ ಹಳೆಯ ಫರ್ಸಿ ಖಣಿಗಳು, ಅಂದರೆ ಹಾಸುಗಲ್ಲು ತೆಗೆದ ಗುಂಡಿಗಳು, ಹೊಸದೇನಲ್ಲ. ಕಲ್ಲು ತೆಗೆದು ಮುಗಿದ ಮೇಲೆ ತಗ್ಗು ಹಾಗೇ ಬಿದ್ದಿರುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಊರು ಬೆಳೆದಂತೆ ಕಸ ಹಾಕಲು ಜಾಗ ಬೇಕಾಗುತ್ತದೆ. ಆಗ ಎಲ್ಲರ ಕಣ್ಣಿಗೆ ಬೀಳುವುದು ಈ ಖಾಲಿ ತಗ್ಗೇ.

ಈ ಪ್ರಕರಣ ಕಲಬುರಗಿ ಜಿಲ್ಲೆಯ ಅಂಥದೊಂದು ಖಣಿಯದು. ಮನೆಯವರು ಕೇಳಿಕೊಂಡಿದ್ದರಿಂದ ಊರಿನ ಹೆಸರಾಗಲಿ ಅವರ ಹೆಸರಾಗಲಿ ಬರೆಯುತ್ತಿಲ್ಲ. ಹಲವು ವರ್ಷ ಆ ಊರಿನ ಕಸವೆಲ್ಲ ಖಣಿಗೆ ಹೋಯಿತು. ತುಂಬಿದ ಮೇಲೆ ಮುರ್ರಂ, ಎರೆಮಣ್ಣು ಎಳೆದು ಸಮ ಮಾಡಿದರು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರಲಿಲ್ಲ. ಗ್ಯಾಸ್ ಹೊರಗೆ ಹೋಗಲು ಒಂದು ಪೈಪೂ ಇರಲಿಲ್ಲ. ಈಗ ಮೇಲೆ ಜಾಲಿ ಬೆಳೆದಿದೆ. ಹೊಸಬರು ನೋಡಿದರೆ ಸುಮ್ನೆ ಬೀಳುಭೂಮಿ ಅಂದುಕೊಳ್ಳಬೇಕು, ಹಾಗಿದೆ.

ಖಣಿಯ ಅಂಚಿನಿಂದ ಸುಮಾರು 40 ಮೀಟರ್ ದೂರದಲ್ಲಿ ಒಬ್ಬ ತೊಗರಿ ರೈತರ ಮನೆ ಇದೆ. ಊರಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡುವವನು. ಅವರ ಮೊಮ್ಮಗ ನನ್ನ ವಿದ್ಯಾರ್ಥಿ. ಅವನ ಮೂಲಕ ಎರಡು ಪ್ರಶ್ನೆ ಬಂದವು. ಒಂದು, ಹೊಲದಲ್ಲಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ತೊಗರಿ ಪ್ರತಿ ವರ್ಷ ಹಳದಿಯಾಗಿ ಸೊರಗುವುದು ಯಾಕೆ? ಇನ್ನೊಂದು, ಮನೆ ಹಿಂದೆ ಅಜ್ಜನ ಕಾಲದ ಹಗೇವು, ಅಂದರೆ ಜೋಳ ತುಂಬಿಡುವ ನೆಲದಡಿಯ ಗುಂಡಿ ಇದೆ, ಫರ್ಸಿ ಕಟ್ಟಿದ್ದು. ಅದನ್ನು ಸ್ವಚ್ಛ ಮಾಡಿ ನೀರಿನ ಟಾಕಿ ಮಾಡಿಕೊಳ್ಳಬಹುದಾ?

ಅದಕ್ಕೂ ಮೊದಲೇ ಗ್ಯಾಸಿನ ಅನುಮಾನ ಬಂದು ಅವರು ಒಂದು ಅರ್ಜಿ ಕೊಟ್ಟಿದ್ದರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಬ್ಬರು ಕೈಯಲ್ಲಿ ಹಿಡಿಯುವ ಮೀಟರ್ ತಂದು ಹೊಲದ ಮೇಲೆ, ಅಂಗಳದಲ್ಲಿ, ಅಡುಗೆ ಮನೆಯಲ್ಲಿ ಹಿಡಿದು ನೋಡಿದರು. ಎಲ್ಲ ಕಡೆ ಸೊನ್ನೆ. ‘ಗ್ಯಾಸ್ ಇಲ್ಲ’ ಎಂದು ಬರೆದುಕೊಂಡು ಹೋದರು. ಹಾಗೂ ವಾಸನೆ ಬಂದರೆ ಪಕ್ಕದವರ ಹಳೆಯ ಗೋಬರ್ ಗ್ಯಾಸ್ ಗುಂಡಿಯದ್ದಿರಬೇಕು ಎಂದೂ ಹೇಳಿದ್ದರು.

"ಮೀಟರ್ ಸೊನ್ನಿ ಅಂದ್ರ ಸೊನ್ನೀನೇ ಅಲ್ರೀ ಸರ್? ಮತ್ತ ಮಳಿಗಾಲದಾಗ ಮುಂಜಾನಿ ಕೊಳೆತ ತತ್ತಿ ನಾರಿದಂಗ ಯಾಕ್ ನಾರ್ತದ?" ಎಂದು ಕಾಕಾ ಕೇಳಿದರು. ಇಡೀ ಪ್ರಕರಣ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಏಪ್ರಿಲ್ ಮಧ್ಯಾಹ್ನದ ಸೊನ್ನೆಯೂ ನಿಜ, ಮಳೆಗಾಲದ ಮುಂಜಾನೆಯ ವಾಸನೆಯೂ ನಿಜ. ಎರಡೂ ನಿಜವಾಗಲು ಹೇಗೆ ಸಾಧ್ಯ?

ಕಸದೊಳಗೆ ಆಗುವುದು

ಹೂತ ಕಸದಲ್ಲಿ ಮೊದಲು ಗಾಳಿ ಇರುತ್ತದೆ. ಆ ಗಾಳಿಯಲ್ಲಿರುವ ಆಮ್ಲಜನಕ ಬೇಗ ಖರ್ಚಾಗುತ್ತದೆ. ಆಮೇಲೆ ಗಾಳಿ ಬೇಡದ ಸೂಕ್ಷ್ಮಜೀವಿಗಳ ಕೆಲಸ. ಅಡುಗೆ ಮನೆ ಕಸ, ಕಾಗದ, ಸೊಪ್ಪು-ಸದೆ ಎಲ್ಲ ಕೊಳೆತು ಕೊನೆಗೆ ಎರಡು ಅನಿಲಗಳಾಗುತ್ತವೆ. ಕಸದ ಗುಂಡಿಯ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಉಳಿದರ್ಧ ಇಂಗಾಲದ ಡೈಆಕ್ಸೈಡ್. ಹೈಡ್ರೋಜನ್ ಸಲ್ಫೈಡ್‌ನಂಥವು ಇರುವುದು ಬಹಳ ಸ್ವಲ್ಪ, ನಾರುವುದು ಮಾತ್ರ ಅವೇ. ಮೀಥೇನ್‌ಗೆ ವಾಸನೆ ಇಲ್ಲ, ಬಣ್ಣವೂ ಇಲ್ಲ. ಅಂದರೆ ಮೂಗಿಗೆ ವಾಸನೆ ಬರಲಿಲ್ಲ ಅಂತ ಮೀಥೇನ್ ಇಲ್ಲ ಎನ್ನುವ ಹಾಗಿಲ್ಲ.

ಗಾಳಿಯಲ್ಲಿ ಮೀಥೇನ್ 5ರಿಂದ 15 ಪ್ರತಿಶತ ಸೇರಿದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. 5 ಪ್ರತಿಶತಕ್ಕೆ ಕೆಳ ಸ್ಫೋಟ ಮಿತಿ ಎನ್ನುತ್ತಾರೆ. ಕಸದ ಜಾಗದಲ್ಲಿ ಮೀಥೇನ್ ಈ ಮಿತಿಯ ಕಾಲು ಭಾಗವನ್ನು, ಅಂದರೆ 1.25 ಪ್ರತಿಶತವನ್ನು ದಾಟಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಹೇಳಿತ್ತು.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲೋಸ್ಕೋ ಎಂಬ ಊರಿದೆ. 1986ರ ಮಾರ್ಚ್ 24ರ ಬೆಳಗಿನ ಜಾವ ಅಲ್ಲಿ ಒಂದು ಮನೆ ಸ್ಫೋಟವಾಗಿ ನೆಲಸಮವಾಯಿತು. ಒಳಗಿದ್ದ ಮೂವರಿಗೆ ತೀವ್ರ ಗಾಯಗಳಾದವು. ಪಕ್ಕದಲ್ಲಿ ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದಿದ್ದ ಗುಂಡಿ ಇತ್ತು, ಅದನ್ನು ಕಸದಿಂದ ತುಂಬಿದ್ದರು. ಗ್ಯಾಸ್ ಬಂಡೆಯ ಬಿರುಕುಗಳ ಹಾದಿ ಹಿಡಿದು ಮನೆಯಡಿ ಬಂದಿತ್ತು. ಆ ರಾತ್ರಿ ವಾತಾವರಣದ ಒತ್ತಡ 7 ಗಂಟೆಯಲ್ಲಿ 29 ಮಿಲಿಬಾರ್ ಕುಸಿದಿತ್ತು. ಹೊರಗಿನ ಒತ್ತಡ ಇಳಿದಾಗ ನೆಲದೊಳಗಿನ ಗ್ಯಾಸ್ ಹೊರಗೆ ನುಗ್ಗುತ್ತದೆ. ಹಿಂದಿನ ವಾರ ಮೀಟರ್ ಹಿಡಿದಿದ್ದರೆ ಅದು ಏನು ತೋರಿಸುತ್ತಿತ್ತೋ, ಆ ರಾತ್ರಿ ತೋರಿಸುತ್ತಿದ್ದುದು ಬೇರೆಯೇ. ಹಳೆಯ ಖಣಿ, ಒಳಗೆ ಕಸ, ಪಕ್ಕದಲ್ಲಿ ಮನೆ, ನಡುವೆ ಪದರದ ಕಲ್ಲು. ಕಾಕಾ ಅವರ ಮನೆಯ ಮುಂದೆ ನಿಂತಾಗ ನನಗೆ ಮೊದಲು ನೆನಪಾಗಿದ್ದು ಲೋಸ್ಕೋ.

ನಮ್ಮ ನೆಲದ ಗುಣ

ಇಲ್ಲಿ ಮೇಲೆ ಒಂದು ಮೀಟರ್‌ನಷ್ಟು ಎರೆಮಣ್ಣು, ಅದರ ಕೆಳಗೆ ಫರ್ಸಿ. ಫರ್ಸಿ ಅಂದರೆ ಪದರ ಪದರವಾಗಿ ಏಳುವ ಸುಣ್ಣದಕಲ್ಲು. ಉಳಿ ಇಟ್ಟು ಹೊಡೆದರೆ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ ಎಂದೇ ಅದಕ್ಕೆ ಅಷ್ಟು ಬೇಡಿಕೆ. ಅದೇ ಪದರಗಳ ನಡುವಿನ ಸಂದು ಗ್ಯಾಸಿಗೆ ಅಡ್ಡಡ್ಡ ಹರಿಯಲು ದಾರಿ.

ಎರೆಮಣ್ಣಿನ ವಿಷಯ ಇನ್ನೂ ಮುಖ್ಯ. ಬೇಸಿಗೆಯಲ್ಲಿ ಇದು ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಖಣಿಯ ಮೇಲೆ ಎಳೆದ ಮಣ್ಣೂ ಬಿರಿದಿರುತ್ತದೆ. ಆಗ ಒಳಗಿನ ಗ್ಯಾಸ್ ನೇರ ಮೇಲಕ್ಕೆ ಹೋಗಿ ಬಿಸಿಗಾಳಿಯಲ್ಲಿ ಚದುರಿಬಿಡುತ್ತದೆ. ರೋಹಿಣಿ, ಮೃಗಶಿರಾ ಮಳೆ ಬಿದ್ದ ಮೇಲೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಮೇಲೆ ಹೋಗುವ ದಾರಿ ಬಂದಾಯಿತು. ಕಸಕ್ಕೆ ನೀರು ಸೇರಿದ್ದರಿಂದ ಗ್ಯಾಸ್ ಹುಟ್ಟುವುದೂ ಜಾಸ್ತಿಯಾಗುತ್ತದೆ. ಇನ್ನು ಅದು ಹೋಗುವುದೆಲ್ಲಿಗೆ? ಪಕ್ಕಕ್ಕೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಸುದ್ದಿಯಲ್ಲಿ ಹೇಳುವ ದಿನಗಳೂ ಇದೇ ಕಾಲದವು.

ಹಾಗಾಗಿ ಏಪ್ರಿಲ್ ಮಧ್ಯಾಹ್ನ ಮೀಟರ್ ಹಿಡಿಯುವುದು ಅಂದರೆ ಪಕ್ಕಕ್ಕೆ ಗ್ಯಾಸ್ ಹರಿಯುವ ಸಾಧ್ಯತೆ ತೀರಾ ಕಡಿಮೆ ಇರುವ ಹೊತ್ತನ್ನೇ ಆರಿಸಿಕೊಂಡ ಹಾಗೆ. ಮೀಟರ್ ಸುಳ್ಳು ಹೇಳಲಿಲ್ಲ, ಆ ಕ್ಷಣದ ಲೆಕ್ಕ ಕೊಟ್ಟಿತು. ನಮಗೆ ಬೇಕಾಗಿದ್ದು ವರ್ಷವಿಡೀ ಬಂದು ಹೋದವರ ಹಾಜರಿ ಪುಸ್ತಕ. ಅದು ಸಿಗುವುದು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ.

ಮೀಥೇನ್ ತಿಂದು ಬದುಕುವವು

ಮೀಥೇನನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾಗಳಿವೆ. ಹೆಸರು ಮೀಥನೋಟ್ರೋಫ್. ಡಚ್ ವಿಜ್ಞಾನಿ ಸೋಂಗೆನ್ 1906ರಲ್ಲೇ ಅಂಥ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದ್ದರು. ಮೀಥೈಲೋಸಿಸ್ಟಿಸ್, ಮೀಥೈಲೋಸೈನಸ್, ಮೀಥೈಲೋಬ್ಯಾಕ್ಟರ್ ಇವೆಲ್ಲ ಇದೇ ಗುಂಪಿನವು. ಮೀಥೇನ್ ಮೊನೊಆಕ್ಸಿಜನೇಸ್ ಎಂಬ ಕಿಣ್ವದಿಂದ ಇವು ಮೀಥೇನನ್ನು ಮೊದಲು ಮೆಥನಾಲ್ ಮಾಡಿಕೊಳ್ಳುತ್ತವೆ. ಅದರಲ್ಲಿ ಒಂದು ಪಾಲು ಮೈ ಕಟ್ಟಲು, ಉಳಿದದ್ದು ಶಕ್ತಿಗೆ. ಕೊನೆಗೆ ಹೊರಬರುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಇವುಗಳಿಗೆ ಮೀಥೇನೂ ಬೇಕು, ಆಮ್ಲಜನಕವೂ ಬೇಕು. ಮೀಥೇನ್ ಕೆಳಗಿನಿಂದ ಬರುತ್ತದೆ, ಆಮ್ಲಜನಕ ಮೇಲಿನಿಂದ ಇಳಿಯುತ್ತದೆ. ಎರಡೂ ಸೇರುವ ಆಳದಲ್ಲಿ ಇವು ದಟ್ಟವಾಗಿ ಬೆಳೆಯುತ್ತವೆ. ಎಲ್ಲ ಹೊಲದಲ್ಲೂ ಒಂದಿಷ್ಟು ಇದ್ದೇ ಇರುತ್ತವೆ, ಯಾಕೆಂದರೆ ಗಾಳಿಯಲ್ಲೇ ಅತಿ ಸ್ವಲ್ಪ ಮೀಥೇನ್ ಇದೆ. ಆದರೆ ಪದೇ ಪದೇ ದಂಡಿಯಾಗಿ ಗ್ಯಾಸ್ ಸಿಕ್ಕ ಜಾಗದಲ್ಲಿ ಅವುಗಳ ಸಂಖ್ಯೆ ಬಹಳ ಪಾಲು ಹೆಚ್ಚಿರುತ್ತದೆ. ಗ್ಯಾಸ್ ನಿಂತ ಮೇಲೂ, ಮಣ್ಣು ಒಣಗಿದ ಮೇಲೂ ಪೂರ್ತಿ ಸಾಯುವುದಿಲ್ಲ. ಕೆಲವು ಸುತ್ತಲೂ ಸಿಸ್ಟ್ ಎಂಬ ಗಟ್ಟಿ ಕವಚ ಕಟ್ಟಿಕೊಂಡು, ಕೆಲವು ಬೀಜಾಣುಗಳಂಥ ರೂಪ ತಾಳಿ ಕಾಯುತ್ತವೆ. ನಾವು ಮೇ ತಿಂಗಳ ಬಿಸಿಲಲ್ಲಿ ಹೋಗಿ ಹಿಂದಿನ ಮಳೆಗಾಲದ ಸುದ್ದಿ ಕೇಳಲು ಸಾಧ್ಯವಾಗಿದ್ದು ಇದರಿಂದ.

ಈ ಉಪಾಯ ಹೊಸದಲ್ಲ. ನೆಲದಡಿಯ ತೈಲ, ಅನಿಲ ಹುಡುಕಲು ಮೇಲ್ಮಣ್ಣಿನ ಬ್ಯಾಕ್ಟೀರಿಯಾ ಎಣಿಸುವುದನ್ನು 1930ರ ದಶಕದಲ್ಲೇ ಸೋವಿಯತ್ ದೇಶದಲ್ಲಿ ಶುರು ಮಾಡಿದ್ದರು. ನಮಗೆ ಹತ್ತಿರದ ಹೈದರಾಬಾದಿನಲ್ಲೇ, ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ, ಈ ಬಗೆಯ ಶೋಧ ನಡೆದಿದೆ. ಅವರು ಹುಡುಕುವುದು ಬೆಲೆಬಾಳುವ ಗ್ಯಾಸನ್ನು, ನಾವು ಹುಡುಕಿದ್ದು ಅಪಾಯದ ಗ್ಯಾಸನ್ನು. ವಿದ್ಯೆ ಒಂದೇ.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಯಾಕೆಂದರೆ ಬಹಳ ಜನ ಇದನ್ನು ಗಮನಿಸುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಗ್ಯಾಸನ್ನು ದಾರಿಯಲ್ಲೇ ತಿಂದುಬಿಡುತ್ತವೆ. ಕೆಳಗೆ ಬೇಕಾದಷ್ಟು ಮೀಥೇನ್ ಇದ್ದರೂ ಮೇಲ್ಮೈಗೆ ಬರುವಷ್ಟರಲ್ಲಿ ಅದು ಖಾಲಿಯಾಗಿರಬಹುದು. ಅಂದರೆ ನೆಲದ ಮೇಲೆ ಮೀಟರ್ ಸೊನ್ನೆ ತೋರಿಸಲು ಇವೂ ಒಂದು ಕಾರಣ. ಆದರೆ ಮನೆಯ ಬುನಾದಿಯಡಿ, ಹಗೇವಿನ ಗೋಡೆಯಾಚೆ ಗ್ಯಾಸ್ ಹೋಗುವುದು ಕಲ್ಲಿನ ಸಂದಿಯಲ್ಲಿ. ಅಲ್ಲಿ ತಿನ್ನುವವರಿಲ್ಲ.

ತೊಗರಿ ಹಳದಿಯಾಗುವುದಕ್ಕೂ ಇಲ್ಲೇ ಉತ್ತರ ಇದೆ. ಒಂದು ಪಾಲು ಮೀಥೇನ್ ಪೂರ್ತಿ ಸುಡಲು ಎರಡು ಪಾಲು ಆಮ್ಲಜನಕ ಬೇಕು. ಬ್ಯಾಕ್ಟೀರಿಯಾ ಹೊಟ್ಟೆತುಂಬ ತಿಂದರೆ ಬೇರಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ಜೊತೆಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ತೊಗರಿ ಮೊದಲೇ ನೀರು ನಿಂತರೆ ತಾಳದ ಬೆಳೆ, ಬೇರಿಗೆ ಗಾಳಿ ಇಲ್ಲದಿದ್ದರೆ ಬೇಗ ಸೊರಗುತ್ತದೆ. ಕಾಕಾ ಆ ಪಟ್ಟಿಗೆ ಬೇರೆ ಕಡೆಗಿಂತ ಜಾಸ್ತಿ ಗೊಬ್ಬರ ಹಾಕಿ ನೋಡಿದ್ದರು, ಏನೂ ಆಗಿರಲಿಲ್ಲ. ಆಗುವ ಹಾಗೂ ಇರಲಿಲ್ಲ.

ಮಣ್ಣು ತೆಗೆದ ಬಗೆ

ಮೇ ತಿಂಗಳಲ್ಲಿ ಕೈ ಆಗರ್ (ನೆಲ ಕೊರೆದು ಮಣ್ಣು ತೆಗೆಯುವ ಸಲಕರಣೆ) ತಿರುಗಿಸಿ 30 ಮತ್ತು 60 ಸೆಂಟಿಮೀಟರ್ ಆಳದ ಮಣ್ಣು ತೆಗೆದೆವು. ಎರೆಮಣ್ಣು ಮೇಲೆ ಇಟ್ಟಂಗಿಯಷ್ಟು ಗಟ್ಟಿ. ಅರ್ಧ ಮೀಟರ್ ದಾಟಿದ ಮೇಲೆ ಸ್ವಲ್ಪ ತಂಪು, ಸ್ವಲ್ಪ ಮೆತ್ತಗೆ. ಹುಡುಗರ ಅಂಗೈ ಬೊಬ್ಬೆ ಎದ್ದಿದ್ದವು. ಹಳದಿ ಪಟ್ಟಿಯ ಉದ್ದಕ್ಕೂ, ಅದರ ಎರಡೂ ಪಕ್ಕಕ್ಕೂ, ಖಣಿಯ ಅಂಚಿನಿಂದ ಮನೆಯ ಗೋಡೆಯವರೆಗೂ ಜಾಗಗಳನ್ನು ಆರಿಸಿಕೊಂಡೆವು.

ಇಷ್ಟೇ ಮಾಡಿ ಬಂದಿದ್ದರೆ ಆ ಕೆಲಸಕ್ಕೆ ಬೆಲೆ ಇರುತ್ತಿರಲಿಲ್ಲ. ಹೋಲಿಸಿ ನೋಡಲು ಹಳ್ಳದ ಆಚೆ, ಅದೇ ಎರೆಮಣ್ಣು, ಅದೇ ತೊಗರಿ ಇರುವ, ಖಣಿಯ ಸಂಬಂಧವೇ ಇಲ್ಲದ ಹೊಲದಿಂದ ಮಣ್ಣು ತಂದೆವು. ತಿಪ್ಪೆಯ ಪಕ್ಕದಿಂದ ತಂದೆವು. ಮನೆಯ ಶೌಚಗುಂಡಿಯ ಹತ್ತಿರದಿಂದ, ಪಕ್ಕದವರ ಗೋಬರ್ ಗ್ಯಾಸ್ ಗುಂಡಿಯ ಸುತ್ತಲಿಂದಲೂ ತಂದೆವು. ಈ ಮೂರೂ ಮೀಥೇನ್ ಹುಟ್ಟುವ ಜಾಗಗಳೇ. ದೂರು ತಳ್ಳಿಹಾಕುವವರು ಮೊದಲು ಕೇಳುವುದು ಅದನ್ನೇ, ಕೇಳಬೇಕಾದದ್ದೂ ಅದೇ. ಅಡುಗೆ ಸಿಲಿಂಡರಿನ ಅನುಮಾನವನ್ನು ಸುಲಭವಾಗಿ ಬಿಡಬಹುದಿತ್ತು. ಅದರಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್, ಮೀಥೇನ್ ಅಲ್ಲ. ಪೈಪಿನಲ್ಲಿ ಬರುವ ಗ್ಯಾಸ್ ಆ ಊರಿಗೆ ಬಂದಿಲ್ಲ.

ಪೊಟ್ಟಣಗಳ ಮೇಲೆ ಜಾಗದ ಹೆಸರು ಬರೆಯಲಿಲ್ಲ, ಬರೀ ನಂಬರ್. ಯಾವ ನಂಬರ್ ಎಲ್ಲಿಯದು ಎಂಬ ಪಟ್ಟಿ ಒಬ್ಬ ವಿದ್ಯಾರ್ಥಿನಿಯ ಹತ್ತಿರ ಮಾತ್ರ ಇತ್ತು. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಬಾಟಲಿಯೊಳಗೆ

ನಮ್ಮ ಮುಖ್ಯ ಪರೀಕ್ಷೆ ತುಂಬಾ ಸರಳ. ಔಷಧಿಯ ಬಾಟಲಿಯಂಥ ದಪ್ಪ ಗಾಜಿನ 120 ಮಿಲಿಲೀಟರ್ ಬಾಟಲಿ. ಅದರೊಳಗೆ 10 ಗ್ರಾಂ ಮಣ್ಣು. ಒಣಗಿದ ಮಣ್ಣಿಗೆ ಎಲ್ಲ ಬಾಟಲಿಯಲ್ಲೂ ಒಂದೇ ಹದ ಬರುವಂತೆ ನೀರು, ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಬಾಯಿಗೆ ಕಪ್ಪು ರಬ್ಬರ್ ಬಿರಡೆ, ಅದರ ಮೇಲೆ ಅಲ್ಯೂಮಿನಿಯಂ ಮುಚ್ಚಳ ಒತ್ತಿ ಬಿಗಿ. ಸಿರಿಂಜಿನಿಂದ ಸ್ವಲ್ಪ ಮೀಥೇನ್ ಒಳಗೆ, ಬಾಟಲಿಯ ಗಾಳಿಯಲ್ಲಿ 2 ಪ್ರತಿಶತ ಆಗುವಷ್ಟು ಮಾತ್ರ. 5 ಪ್ರತಿಶತದ ಹತ್ತಿರ ಹೋಗುವಂತಿಲ್ಲ, ಲ್ಯಾಬಿನಲ್ಲೂ ಅದೇ ಎಚ್ಚರಿಕೆ. ಆಮೇಲೆ 30 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ಟು, ದಿನಾ ಒಂದು ಹನಿ ಗಾಳಿ ಎಳೆದು, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಕೊಡುವುದು. ಮೀಥೇನ್ ಎಷ್ಟು ಉಳಿದಿದೆ?

ಮೀಥೇನ್ ಕಡಿಮೆಯಾದರೆ ಅದನ್ನು ಬ್ಯಾಕ್ಟೀರಿಯಾವೇ ತಿಂದದ್ದು ಎನ್ನಲು ಸಾಕ್ಷಿ ಬೇಕು, ಅಲ್ವಾ? ಬಿರಡೆ ಸೋರಿದರೂ ಕಡಿಮೆಯಾಗುತ್ತದೆ. ಅದಕ್ಕೇ ಪ್ರತಿ ಮಣ್ಣಿಗೂ ಜೊತೆ ಬಾಟಲಿಗಳು. ಒಂದರಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ, ಜೀವ ತೆಗೆದ ಮಣ್ಣು. ಇನ್ನೊಂದರಲ್ಲಿ ಜೀವಂತ ಮಣ್ಣೇ, ಆದರೆ ಒಂದಿಷ್ಟು ಅಸಿಟಿಲೀನ್ ಸೇರಿಸಿದ್ದು. ಅಸಿಟಿಲೀನ್ ಮೀಥೇನ್ ತಿನ್ನಲು ಬೇಕಾದ ಆ ಕಿಣ್ವವನ್ನು ಕೆಡಿಸಿಬಿಡುತ್ತದೆ. ಆ ಜೊತೆ ಬಾಟಲಿಗಳಲ್ಲಿ ಮೀಥೇನ್ ಇದ್ದಷ್ಟೇ ಉಳಿಯಿತು. ಉಳಿದ ಬಾಟಲಿಗಳಲ್ಲಿ ಮೂರು ಬಗೆ ಕಂಡಿತು. ಕೆಲವು ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಮೀಥೇನನ್ನು ಖಾಲಿ ಮಾಡಿಬಿಟ್ಟವು. ಎರಡನೇ ಸಲ ಮೀಥೇನ್ ಕೊಟ್ಟಾಗ ಕಾಯಲೇ ಇಲ್ಲ. ಕೆಲವು ನಿಧಾನವಾಗಿ ತಿಂದವು. ಉಳಿದವು ವಾರ ಕಳೆದರೂ ಏನೂ ತೋರಿಸಲಿಲ್ಲ.

ಜೊತೆಗೆ ಎಣಿಕೆಯನ್ನೂ ಮಾಡಿದೆವು. ಮಣ್ಣನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಹೀಗೆ ತೆಳು ಮಾಡುತ್ತ ಹೋಗಿ, ನೈಟ್ರೇಟ್ ಮತ್ತು ಲವಣಗಳು ಮಾತ್ರ ಇರುವ ದ್ರವದಲ್ಲಿ ಹಾಕಿ ಮೀಥೇನ್ ಕೊಡುವುದು. ಅಲ್ಲಿ ಬೇರೆ ಆಹಾರವೇ ಇಲ್ಲ, ಮಂದವಾದರೆ ಮೀಥೇನ್ ತಿಂದೇ ಆಗಬೇಕು. ಇವು ನಿಧಾನಕ್ಕೆ ಬೆಳೆಯುವ ಜೀವಿಗಳು, ವಾರಗಟ್ಟಲೆ ಕಾಯಬೇಕು. ಆ ಕಿಣ್ವದ ಜೀನ್ ಹುಡುಕುವ ಪರೀಕ್ಷೆಗೆ ಕೆಲವು ಮಾದರಿಗಳನ್ನು ಹೊರಗಿನ ಲ್ಯಾಬಿಗೆ ಕಳಿಸಿದೆವು. ಆ ಜೀನಿನ ಹೆಸರು ಪಿಎಂಒಎ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾಗಳಲ್ಲೂ ಇದರ ಹತ್ತಿರದ ನೆಂಟ ಜೀನ್ ಇದೆ. ಸೆಗಣಿ, ಯೂರಿಯಾ ಬಿದ್ದ ಹೊಲದಲ್ಲಿ ಅವು ಬೇಕಾದಷ್ಟಿರುತ್ತವೆ. ಪ್ರೈಮರ್, ಅಂದರೆ ಬೇಕಾದ ಜೀನನ್ನು ಹುಡುಕಿ ಹಿಡಿಯುವ ಡಿಎನ್‌ಎ ತುಣುಕು, ಸರಿಯಾಗಿ ಆರಿಸದಿದ್ದರೆ ಅವನ್ನೇ ಇವು ಎಂದು ಎಣಿಸಿಬಿಡುತ್ತೇವೆ. ಎರಡನ್ನೂ ಬೇರೆ ಮಾಡುವ ಪ್ರೈಮರ್ ಬಳಸಲು ಹೇಳಿದ್ದೆವು. ಮೂರೂ ಪರೀಕ್ಷೆ ಒಂದೇ ಕಡೆ ಬೊಟ್ಟು ಮಾಡಿದವು.

ನಕ್ಷೆಯ ಮೇಲೆ

ನಂಬರಿನ ಪಟ್ಟಿ ತೆರೆದು ನಕ್ಷೆಯ ಮೇಲೆ ಬಣ್ಣ ಹಚ್ಚಿದಾಗ ಚಿತ್ರ ಸ್ಪಷ್ಟವಾಯಿತು. ಚುರುಕಾಗಿ ತಿಂದ ಮಣ್ಣೆಲ್ಲ ಖಣಿಯ ಅಂಚಿನವು ಮತ್ತು ಹಳದಿ ಪಟ್ಟಿಯವು. 30ಕ್ಕಿಂತ 60 ಸೆಂಟಿಮೀಟರ್ ಆಳದಲ್ಲಿ ಚುರುಕು ಜಾಸ್ತಿ. ಹಳ್ಳದ ಆಚೆಯ ಹೊಲದ ಮಣ್ಣು ಸುಮ್ಮನಿತ್ತು. ತಿಪ್ಪೆಯ ಪಕ್ಕದ ಮಣ್ಣು ನಿಧಾನಕ್ಕೆ ತಿಂದಿತ್ತು, ಅದೂ ಮೇಲಿನ ಮಣ್ಣು ಮಾತ್ರ. ಶೌಚಗುಂಡಿಯ ಹತ್ತಿರದ್ದೂ ಹಾಗೇ. ಗೋಬರ್ ಗ್ಯಾಸ್ ಗುಂಡಿ ಮೂಲವಾಗಿದ್ದರೆ ಅದರ ಸುತ್ತ ಉಂಗುರದಂತೆ ಗುರುತು ಇರಬೇಕಿತ್ತು, ದೂರ ಹೋದಂತೆ ಕಡಿಮೆಯಾಗಬೇಕಿತ್ತು. ಅಂಥದ್ದೇನೂ ಇರಲಿಲ್ಲ. ಆ ಮನೆಯವರ ಮೇಲಿನ ಆರೋಪ ಅಲ್ಲಿಗೆ ಮುಗಿಯಿತು. ಅಕ್ಕಪಕ್ಕದವರ ನಡುವೆ ಮಾತು ನಿಂತುಹೋಗಿತ್ತು, ಅದಕ್ಕೂ ಇದು ಬೇಕಿತ್ತು.

ಆದರೆ ಒಂದು ವಿಷಯ ಅರ್ಥವಾಗಿರಲಿಲ್ಲ. ಗುರುತು ಖಣಿಯಿಂದ ಎಲ್ಲ ಕಡೆ ಹರಡದೆ ಇಷ್ಟು ಕಿರಿದಾದ ಪಟ್ಟಿಯಾಗಿ, ನೇರ ಹಗೇವಿನ ಕಡೆಗೇ ಬಂದದ್ದು ಯಾಕೆ? ಉತ್ತರ ಕೊಟ್ಟವರು ಕಾಕಾ ಅವರ ಅವ್ವ. ಹರೆಯದಲ್ಲಿ ಅದೇ ಖಣಿಯಲ್ಲಿ ಕಲ್ಲು ಹೊತ್ತವರು. "ಅಲ್ಲಿ ಕಾಲುವಿ ಇತ್ತಪ್ಪ. ಖಣ್ಯಾಗಿನ ನೀರು ಮಶೀನ್ ಹಚ್ಚಿ ಹೊರಗ ಹಾಕ್ತಿದ್ರು. ಖಣಿ ಬಂದಾದ ಮ್ಯಾಲ ಫರ್ಸಿ ಚೂರು ತುಂಬಿ ಮ್ಯಾಲ ಮಣ್ಣು ಹಾಕ್ಯಾರ" ಎಂದರು. ಹಗೇವಿನ ಹತ್ತಿರ ಅದು ತಿರುಗಿ ಹಳ್ಳದ ಕಡೆ ಹೋಗುತ್ತಿತ್ತಂತೆ. ಕಲ್ಲಿನ ಚೂರು ತುಂಬಿದ ಕಾಲುವೆಗಿಂತ ಒಳ್ಳೆಯ ದಾರಿ ಗ್ಯಾಸಿಗೆ ಇನ್ನೇನು ಬೇಕು? ಯಾವ ದಾಖಲೆಯಲ್ಲೂ ಆ ಕಾಲುವೆ ಇಲ್ಲ. ಕಸದ ಗುಂಡಿಯ ಸುತ್ತ ಏನೇ ಪರೀಕ್ಷೆ ಮಾಡುವ ಮೊದಲು ಅಲ್ಲಿ ದುಡಿದ ಹಿರಿಯರನ್ನು ಕೂರಿಸಿ ಕೇಳಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಬ್ಯಾಕ್ಟೀರಿಯಾಗಳ ಕೆಲಸ ಅಲ್ಲಿಗೆ ಮುಗಿಯಿತು. ಗ್ಯಾಸ್ ಇಲ್ಲಿ ಪದೇ ಪದೇ ಬಂದಿದೆ ಎಂದು ಅವು ಹೇಳುತ್ತವೆ. ಈಗ ಎಷ್ಟಿದೆ, ನಾಳೆ ಎಷ್ಟಿರುತ್ತದೆ ಎಂದು ಹೇಳುವುದಿಲ್ಲ. ಅಮೋನಿಯ ಗೊಬ್ಬರ ಜಾಸ್ತಿಯಾದರೆ ಅವುಗಳ ಕೆಲಸ ಕುಂಠಿತವಾಗುತ್ತದೆ. ಮಣ್ಣು ತೀರಾ ಒಣಗಿದರೂ, ನೀರು ನಿಂತು ಆಮ್ಲಜನಕ ಇಲ್ಲದಾದರೂ ಹಾಗೇ. ಆದ್ದರಿಂದ ಬ್ಯಾಕ್ಟೀರಿಯಾ ಕಾಣಲಿಲ್ಲ ಎಂದ ಮಾತ್ರಕ್ಕೆ ಯಾವ ಮನೆಗೂ ‘ಅಪಾಯವಿಲ್ಲ’ ಎಂದು ಬರೆದುಕೊಡುವಂತಿಲ್ಲ. ಕಂಡರೆ ಮಾತ್ರ ಅದು ಗಟ್ಟಿ ಸುಳಿವು, ಮೀಟರನ್ನು ಎಲ್ಲಿ ಇಡಬೇಕು, ಯಾವ ಕಾಲದಲ್ಲಿ ಇಡಬೇಕು ಎಂದು ತೋರಿಸುವ ಸುಳಿವು.

ಮಳೆ ಬಂದ ಮೇಲೆ

ಮಣ್ಣು ತೋರಿಸಿದ ಜಾಗಗಳಲ್ಲಿ ತೂತು ಕೊರೆದ ಪಿವಿಸಿ ಪೈಪ್‌ಗಳನ್ನು ಫರ್ಸಿಯ ತನಕ ಇಳಿಸಿ, ಮೇಲೆ ಸುತ್ತ ಮಣ್ಣು ಮೆತ್ತಿ, ಬಾಯಿಗೆ ಕೊಳಾಯಿ ಹಾಕಿಟ್ಟೆವು. ಮೃಗಶಿರಾ ಮಳೆ ಚೆನ್ನಾಗಿ ಹಿಡಿಯಿತು. ಬಿರುಕು ಮುಚ್ಚಿಕೊಂಡವು. ಮುಂಜಾನೆ ಮೋಡ ಕವಿದ ಹೊತ್ತಲ್ಲಿ ಅಳೆದಾಗ ಕಾಲುವೆಯ ಮೇಲಿನ ಪೈಪ್‌ಗಳಲ್ಲಿ ಮೀಥೇನ್ ಕೆಳ ಸ್ಫೋಟ ಮಿತಿಯನ್ನು ದಾಟಿತ್ತು. ಆಮ್ಲಜನಕ ಬಹಳ ಕಡಿಮೆ ಇತ್ತು. ಅದೇ ಹೊತ್ತಿಗೆ ಪೈಪಿನ ಪಕ್ಕದ ನೆಲದ ಮೇಲೆ ಮೀಟರ್ ಹಿಡಿದರೆ ಸೊನ್ನೆ. ಕಾಕಾ ಎರಡನ್ನೂ ಪಕ್ಕದಲ್ಲೇ ನಿಂತು ನೋಡಿದರು. ಅವರ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ.

ಮೀಟರಿನ ಬಗ್ಗೆ ಒಂದು ತಾಂತ್ರಿಕ ವಿಷಯ ಇದೆ, ಅದು ಜೀವ ಉಳಿಸುವ ವಿಷಯ. ಸಾಮಾನ್ಯವಾಗಿ ಸಿಗುವ ಗ್ಯಾಸ್ ಮೀಟರ್‌ಗಳು ಒಳಗಿನ ಸಣ್ಣ ಮಣಿಯ ಮೇಲೆ ಗ್ಯಾಸನ್ನು ಸುಟ್ಟು ಅಳೆಯುತ್ತವೆ. ಸುಡಲು ಆಮ್ಲಜನಕ ಬೇಕು. ಆಮ್ಲಜನಕವೇ ಇಲ್ಲದ ಗುಂಡಿಯಲ್ಲಿ ಅಂಥ ಮೀಟರ್ ಮೀಥೇನ್ ತುಂಬಿದ್ದರೂ ಕಡಿಮೆ ತೋರಿಸಬಹುದು. ಅಂಥ ಕಡೆ ಇನ್‌ಫ್ರಾರೆಡ್ ಬಗೆಯದ್ದು ಬೇಕು, ಜೊತೆಗೆ ಆಮ್ಲಜನಕವನ್ನೂ ಅಳೆಯಬೇಕು. ನಾವು ಹಗೇವಿನ ಬಾಯಿಯ ಚಪ್ಪಡಿಯನ್ನು ಸರಿಸದೆ, ಸಂದಿಯಲ್ಲಿ ಕೊಳವೆ ಇಳಿಸಿ ಅಂಥ ಮೀಟರಿನಿಂದಲೇ ನೋಡಿದೆವು. ಒಳಗೆ ಮೀಥೇನೂ ಇತ್ತು, ಇಂಗಾಲದ ಡೈಆಕ್ಸೈಡೂ ಇತ್ತು.

ಹಗೇವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ, ಇಳಿಯಬಾರದು. ಜೋಳ ತುಂಬಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅಲ್ಲಿಗೆ ಆ ಪದ್ಧತಿ ಸರಿ. ಹಿರಿಯರು ಅನುಭವದಿಂದ ಕಂಡುಕೊಂಡದ್ದು, ಎಷ್ಟೋ ಜೀವ ಉಳಿಸಿದೆ. ಆದರೆ ಕಸದ ಗುಂಡಿಯ ಪಕ್ಕದ ಹಗೇವಿನಲ್ಲಿ ಅದೇ ದೀಪ ಕಿಡಿಯಾಗುತ್ತದೆ. ಕಾಕಾ ಅವರೂ ಮೇ ತಿಂಗಳಲ್ಲಿ ದೀಪ ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಸುವುದೆಂದು ಇದ್ದರು. ಮೊಮ್ಮಗ ತಡೆದು ನಮ್ಮನ್ನು ಕರೆಸಿದ್ದ. ಇದನ್ನು ಓದುವವರ ಊರಲ್ಲಿ ಕಸ ತುಂಬಿದ ಖಣಿ ಇದ್ದು, ಪಕ್ಕದಲ್ಲಿ ಹಗೇವು, ಹಾಳುಬಾವಿ, ನೆಲಮನೆ ಯಾವುದೇ ಇದ್ದರೂ ದಯವಿಟ್ಟು ದೀಪ, ಬೀಡಿ, ಬೆಂಕಿಕಡ್ಡಿ ಯಾವುದನ್ನೂ ಅದರ ಹತ್ತಿರ ಒಯ್ಯಬೇಡಿ. ಮೊಬೈಲ್ ಟಾರ್ಚ್ ಹಿಡಿದು ಇಳಿಯುವುದೂ ಬೇಡ, ಬೆಳಕಿದ್ದ ಮಾತ್ರಕ್ಕೆ ಉಸಿರಾಡಲು ಗಾಳಿ ಇರುವುದಿಲ್ಲ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು ಸಾಯುವುದು ಇಂಥ ಕಡೆಯೇ.

ಮಾಡಿದ್ದು, ಬಾಕಿ ಉಳಿದಿದ್ದು

ಟಾಕಿಯ ಯೋಜನೆ ಕೈಬಿಟ್ಟರು. ಮನೆ ಮತ್ತು ಖಣಿಯ ನಡುವೆ ಫರ್ಸಿಯ ತನಕ ಕಂದಕ ತೋಡಿಸಿ, ದಪ್ಪ ಖಡಿ ತುಂಬಿ, ತೂತಿನ ಪೈಪ್ ಮಲಗಿಸಿ, ಅದರ ಬಾಯನ್ನು ಮಾಳಿಗೆಗಿಂತ ಎತ್ತರಕ್ಕೆ ಏರಿಸಲಾಗಿದೆ. ಕಂದಕದ ಮನೆ ಕಡೆಯ ಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಳೆಯ ಕಾಲುವೆ ಕಂದಕವನ್ನು ದಾಟುವ ಜಾಗದಲ್ಲಿ ಅದನ್ನು ಜೇಡಿಮಣ್ಣಿನಿಂದ ಮೆತ್ತಿ ಮುಚ್ಚಿದ್ದಾರೆ. ಖರ್ಚೆಲ್ಲ ಮನೆಯವರದ್ದೇ, ಅದು ನ್ಯಾಯವಲ್ಲ. ಕಂದಕ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಮೇಲೆಯೇ ಹಗೇವನ್ನು ದೂರದಿಂದ ತೆರೆದು, ದಿನಗಟ್ಟಲೆ ಗಾಳಿ ಆಡಲು ಬಿಟ್ಟು, ಯಾರನ್ನೂ ಇಳಿಸದೆ ಮೇಲಿನಿಂದಲೇ ಮಣ್ಣು ತುಂಬಿದರು. ಮನೆಯೊಳಗೆ ನೆಲದಿಂದ ಬರುವ ಪೈಪ್, ವೈರಿನ ಸಂದುಗಳನ್ನು ಮುಚ್ಚಿ, ಹಿಂದಿನ ಕೋಣೆಗೆ ಎದುರುಬದುರು ಕಿಂಡಿ ಇಡಿಸಿದ್ದಾರೆ. ಮುಂದಿನ ಮಳೆಯಲ್ಲಿ ಕಂದಕದಾಚೆ, ಮನೆ ಕಡೆಯ ಪೈಪ್‌ನಲ್ಲಿ ಮೀಥೇನ್ ಕಾಣಲಿಲ್ಲ. ಖಣಿ ಕಡೆಯದರಲ್ಲಿ ಈಗಲೂ ಇದೆ.

ಮೂಲ ಹಾಗೇ ಇದೆ. ಖಣಿಯ ಮೇಲೆ ಗ್ಯಾಸ್ ಹೊರಹೋಗುವ ಪೈಪ್‌ಗಳನ್ನು ಇಳಿಸಬೇಕು. ಅದರ ಜೊತೆಗೆ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದ ಸಡಿಲ ಮಣ್ಣಿನ ಪದರ ಹಾಕಿದರೆ ಇದೇ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆದು ಮೀಥೇನನ್ನು ತಿನ್ನುತ್ತವೆ. ಬೇರೆ ದೇಶಗಳಲ್ಲಿ ಇದನ್ನು ಮಾಡುತ್ತಾರೆ, ಬಯೋಕವರ್ ಎನ್ನುತ್ತಾರೆ. ಬರೀ ಎರೆಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಬಿಗಿಯುತ್ತದೆ, ಎರಡೂ ಕೆಟ್ಟದ್ದೇ. ಊರಿನ ಹಸಿ ಕಸವನ್ನು ಬೇರೆ ಮಾಡಿ ಕಾಂಪೋಸ್ಟ್ ಮಾಡಿದರೆ ಈ ಪದರಕ್ಕೆ ಬೇಕಾದ ಸಾಮಾನು ಊರಲ್ಲೇ ಸಿಗುತ್ತದೆ. ಈ ಸಲಹೆಯನ್ನು ನಕ್ಷೆ ಸಮೇತ ಬರೆದು ಕೊಟ್ಟಿದ್ದೇವೆ. ಕೆಲಸ ಇನ್ನೂ ಶುರುವಾಗಿಲ್ಲ.

ನಕ್ಷೆಯಲ್ಲಿ ಇನ್ನೊಂದು ಜಾಗ ನಮ್ಮನ್ನು ಕಾಡುತ್ತಿದೆ. 60 ಸೆಂಟಿಮೀಟರ್ ಆಳದಲ್ಲಿ ಚುರುಕಾಗಿ ಮೀಥೇನ್ ತಿಂದ ಮಣ್ಣಿನಲ್ಲಿ ಒಂದು ಮಾದರಿ ಖಣಿಯ ಆಚೆ ದಂಡೆಯದು, ಅಂಗನವಾಡಿಯ ಹಿಂದಿನ ಗೋಡೆಯ ಕಡೆಗೆ. ಅಲ್ಲಿ ಕಾಲುವೆ ಇತ್ತೆಂದು ಯಾರಿಗೂ ನೆನಪಿಲ್ಲ, ಫರ್ಸಿಯ ಸಂದಿನಲ್ಲೇ ಬಂದಿರಬಹುದು. ಪೈಪ್ ಇಳಿಸಲು ಅಂಗನವಾಡಿ ಕಾರ್ಯಕರ್ತೆ ಒಪ್ಪಿದ್ದಾರೆ. ಈ ಸಲ ಮೃಗಶಿರಾ ಮಳೆಗೆ ಮುಂಚೆ ಇಳಿಸುತ್ತೇವೆ. ಅಲ್ಲಿಯ ತನಕ ಹಿಂದಿನ ಕೋಣೆಯಲ್ಲಿ ಅಡುಗೆ ಮಾಡುವುದನ್ನು ನಿಲ್ಲಿಸಿ, ಒಲೆಯನ್ನು ಮುಂದಿನ ಪಡಸಾಲೆಗೆ ತಂದಿದ್ದಾರೆ.